ಶಾಫ್ಟು ಬಿಚ್ಚುವ ಮುನ್ನ ಕೇಳಬೇಕಾದ ಎರಡು ಪ್ರಶ್ನೆ

ಮನೆಯಲ್ಲೇ ಗಾಡಿ ರಿಪೇರಿಗೆ ಕೈ ಹಾಕುವವರ ಕೆಲಸ ಹೆಚ್ಚಾಗಿ ಕೆಡುವುದು ಹಳೆಯ ಭಾಗ ಕೀಳುವಾಗ. ಎಂಜಿನ್ ಆಯಿಲ್ ಬದಲಿಸುವುದು, ಪ್ಲಗ್ ಉಜ್ಜುವುದು, ಬ್ರೇಕ್ ಪ್ಯಾಡ್ ಹಾಕುವುದು ಇವೆಲ್ಲ ಬೋಲ್ಟು ಬಿಚ್ಚಿದರೆ ಭಾಗ ಕೈಗೆ ಬರುವ ಕೆಲಸಗಳು. ಶಾಫ್ಟು ಮತ್ತು ಅದರ ತುದಿಗೆ ಕೂತಿರುವ ಕ್ಯಾಪುಗಳ ರೀತಿಯೇ ಬೇರೆ. ಕಣ್ಣಿಗೆ ಕಾಣುವ ನಟ್ಟು ಬೋಲ್ಟು ಎಲ್ಲ ತೆಗೆದಿಟ್ಟರೂ ಅವು ಕದಲುವುದಿಲ್ಲ. ಸುತ್ತಿಗೆ ಹುಡುಕುವುದು ಆಗಲೇ. ಆಮೇಲೆ ಏನಾಗುತ್ತದೆಂದು ಯಾವ ಗ್ಯಾರೇಜಿನವರನ್ನು ಕೇಳಿದರೂ ಹೇಳಿಯಾರು: ತುದಿ ಚಪ್ಪಟೆಯಾಗಿ ನಟ್ಟೇ ಏರದ ಥ್ರೆಡ್ಡು, ಹರಿದ ಆಯಿಲ್ ಸೀಲು, ಬಿರುಕು ಬಿಟ್ಟ ಅಲ್ಯೂಮಿನಿಯಂ ಕೇಸು. ಸಣ್ಣ ಬೇರಿಂಗಿನ ಖರ್ಚು ಉಳಿಸಲು ಹೊರಟವರು ಗೇರ್‌ಬಾಕ್ಸಿನ ಬಿಲ್ಲು ಕಟ್ಟುತ್ತಾರೆ.

ಶಾಫ್ಟು, ಕ್ಯಾಪು ಬಿಚ್ಚುವ ವಿದ್ಯೆಯಲ್ಲಿ ಗಾಡಿಗೊಂದು ವಿಧಾನ, ಮೆಕ್ಯಾನಿಕ್‌ಗೊಂದು ಅಭಿಪ್ರಾಯ ಇದೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉಳಿಯುವುದು ಎರಡೇ ಪ್ರಶ್ನೆ. ಈ ಭಾಗವನ್ನು ಯಾವುದು ಹಿಡಿದಿದೆ? ಈ ಭಾಗ ಯಾವುದನ್ನು ಹಿಡಿದಿದೆ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಭಾಗ ಮುರಿಯದೆ ಹೊರಬರುತ್ತದೆ. ಎರಡನೆಯದನ್ನು ಕೇಳಿಕೊಂಡರೆ ಬಿಚ್ಚುವವನ ಕೈಕಾಲು ಉಳಿಯುತ್ತದೆ.

ಹಿಡಿತಗಳು ಎಷ್ಟು ಬಗೆ

ಶಾಫ್ಟನ್ನೋ ಕ್ಯಾಪನ್ನೋ ಜಾಗದಲ್ಲಿ ನಿಲ್ಲಿಸುವ ಉಪಾಯಗಳು ಬಹಳವೇನಿಲ್ಲ. ಮೊದಲನೆಯದು ನಟ್ಟು, ಅದರ ಜೊತೆಗೆ ಸ್ಪ್ಲಿಟ್ ಪಿನ್ನು, ಅಥವಾ ನಟ್ಟಿನ ಅಂಚನ್ನೇ ಶಾಫ್ಟಿನ ಕಾಲುವೆಗೆ ಬಡಿದು ಬಗ್ಗಿಸಿದ ಲಾಕು. ಎರಡನೆಯದು ಸರ್ಕ್ಲಿಪ್, ಅಂದರೆ ಕಾಲುವೆಯಲ್ಲಿ ಕೂರುವ ಸ್ಪ್ರಿಂಗ್ ಉಂಗುರ. ಮೂರನೆಯದು ಬಿಗಿ ಕೂರಿಕೆ, ಅಂದರೆ ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪಗಿರುವ ಭಾಗವನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸಿರುವುದು. ನಾಲ್ಕನೆಯದು ಟೇಪರ್: ಇಳಿಜಾರಾದ ಶಾಫ್ಟು ಅಷ್ಟೇ ಇಳಿಜಾರಾದ ರಂಧ್ರದೊಳಗೆ ಬಿಗಿಯಾಗಿ ಕಚ್ಚಿಕೊಳ್ಳುವುದು. ಹಳೆಯ ಜೀಪುಗಳ ಹಿಂದಿನ ಆಕ್ಸಲ್ ಹಬ್ಬುಗಳೂ ಹಲವು ಗಾಡಿಗಳ ಬಾಲ್ ಜಾಯಿಂಟುಗಳೂ ಹೀಗೆ ಕೂತಿರುತ್ತವೆ. ಐದನೆಯದು ಯಾವ ಎಂಜಿನಿಯರೂ ಬಯಸದೆ ಬಂದು ಸೇರಿದ ತುಕ್ಕು.

ಇವು ಒಂದೊಂದೂ ಬೇಡುವ ಬಲದ ಬಗೆ ಬೇರೆ. ಸರ್ಕ್ಲಿಪ್ಪಿಗೆ ಬಲವೇ ಬೇಡ, ತಕ್ಕ ಇಕ್ಕಳ ಸಾಕು. ಬಿಗಿ ಕೂರಿಕೆಗೆ ನೇರವಾದ, ನಿಧಾನವಾದ ಒತ್ತಡ ಬೇಕು. ಟೇಪರ್ ಎಳೆತಕ್ಕೆ ಜಗ್ಗುವುದಿಲ್ಲ; ಪುಲ್ಲರ್ ಬಿಗಿ ಮಾಡಿಟ್ಟು ಪಕ್ಕದಿಂದ ಒಂದು ಚುರುಕು ಏಟು ಕೊಟ್ಟರೆ ಟಕ್ಕೆಂದು ಬಿಡುತ್ತದೆ. ತುಕ್ಕಿಗೆ ಬೇಕಾದದ್ದು ಎಣ್ಣೆ ಮತ್ತು ಸಮಯ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದಾಗಲೇ ಅನಾಹುತ. ಒಳಗೆ ಸರ್ಕ್ಲಿಪ್ ಇರುವುದು ಗೊತ್ತಿಲ್ಲದೆ ಬೇರಿಂಗಿನ ಮೇಲೆ ಹತ್ತು ಟನ್ ಪ್ರೆಸ್ ಹಾಕಿದರೆ ಮುರಿಯುವುದು ಕ್ಲಿಪ್ ಕೂತಿರುವ ಕೇಸು. ಗ್ರೀಸು ಮಣ್ಣು ಕೂಡಿ ಗಟ್ಟಿಯಾದ ಕಡೆ ಸರ್ಕ್ಲಿಪ್ ಕಾಣುವುದೇ ಇಲ್ಲ. ಹಳೆಯ ಮೆಕ್ಯಾನಿಕ್‌ಗಳು ಯಾವ ಕೆಲಸಕ್ಕೂ ಮೊದಲು ಡೀಸೆಲ್ ಹಾಕಿ ಬ್ರಷ್‌ನಿಂದ ತಿಕ್ಕಿ ತೊಳೆಯುವುದು ಇದಕ್ಕೇ. ಬಿಚ್ಚುವ ಕೆಲಸದ ಮೊದಲ ಹಂತ ಅದು.

ಕ್ರಾಸು ಮತ್ತು ಅದರ ನಾಲ್ಕು ಕಪ್ಪು

ಶಾಫ್ಟಿನ ತುದಿಯ ಕ್ಯಾಪು ಎಂದಾಗ ನಮ್ಮ ಕಡೆ ಬಹುಪಾಲು ಜನಕ್ಕೆ ನೆನಪಾಗುವುದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಅಂಬಾಸಿಡರ್, ಪದ್ಮಿನಿ, ಮಾರುತಿ ಓಮ್ನಿ, ಜೀಪು, ಲಾರಿ, ಹೀಗೆ ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುವ ಬಹುತೇಕ ಗಾಡಿಗಳಲ್ಲಿ ಅದು ಇದೆ. ಗಾಡಿಯ ಹೊರಗೂ ಇದೆ. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಒಯ್ಯುವ ಪಿಟಿಓ ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸುಗಳಿವೆ. ಬಿತ್ತನೆಯ ಹೊತ್ತಿಗೆ ಅದು ಕೈಕೊಟ್ಟರೆ ಪೇಟೆಗೆ ಹೋಗಿ ಬರುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲವಾದ್ದರಿಂದ, ಹೊಲದ ಬದುವಿನ ಮೇಲೆ ಕೂತೇ ಕ್ರಾಸು ಬದಲಿಸುವ ರೈತರು ಹಳ್ಳಿಹಳ್ಳಿಯಲ್ಲಿದ್ದಾರೆ.

ಕ್ರಾಸು ಎಂಬ ಈ ಕೀಲಿನ ಕಲ್ಪನೆಗೆ 16ನೇ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊನ ಹೆಸರಿದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅದರ ಚಲನೆಯನ್ನು ವಿವರಿಸಿದ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 20ನೇ ಶತಮಾನದ ಆರಂಭದಲ್ಲಿ ಅದನ್ನು ಮೋಟಾರು ಗಾಡಿಗೆ ಒಗ್ಗಿಸಿ ಉದ್ಯಮ ಕಟ್ಟಿದ. ಹುಕ್ ಕಂಡ ಸಂಗತಿಯೊಂದು ಇಂದಿಗೂ ಮನೆ ಮೆಕ್ಯಾನಿಕ್‌ಗೆ ಬೇಕು. ಕೀಲು ಓರೆಯಾಗಿ ತಿರುಗುವಾಗ ಮುಂದಿನ ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಹಿಂದಿನದು ಪ್ರತಿ ಸುತ್ತಿಗೆ ಎರಡು ಬಾರಿ ಚುರುಕಾಗುತ್ತದೆ, ಎರಡು ಬಾರಿ ನಿಧಾನವಾಗುತ್ತದೆ. ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತ ಇನ್ನೊಂದು ಅಳಿಸಿಹಾಕುತ್ತದೆ. ಶಾಫ್ಟನ್ನು ನಡುವಿನ ಸ್ಪ್ಲೈನ್‌ನಲ್ಲಿ ಬೇರ್ಪಡಿಸಿ, ಒಂದು ಹಲ್ಲು ತಪ್ಪಿಸಿ ಜೋಡಿಸಿದರೆ ಈ ಲೆಕ್ಕ ಕೆಟ್ಟು ಗಾಡಿ ನಡುಗಲು ಶುರು. ಬಿಚ್ಚುವ ಮುನ್ನವೇ ಸ್ಪ್ಲೈನ್‌ನ ಎರಡು ಬದಿಗೂ, ಫ್ಲ್ಯಾಂಜಿಗೂ ಪೇಂಟಿನಿಂದ ಗುರುತು ಹಾಕಬೇಕೆನ್ನುವುದು ಇದಕ್ಕಾಗಿ.

ಕ್ರಾಸಿನ ನಾಲ್ಕು ತೋಳಿಗೂ ಒಂದೊಂದು ಕಪ್ಪು. ಕಪ್ಪಿನೊಳಗೆ ಸೂಜಿಯಂಥ ರೋಲರುಗಳ ಸಾಲು. ಕಪ್ಪು ಕವಲಿನ ರಂಧ್ರದಲ್ಲಿ ಬಿಗಿಯಾಗಿ ಕೂತಿದ್ದು ಹೊರಗಿನಿಂದಲೋ ಒಳಗಿನಿಂದಲೋ ಸರ್ಕ್ಲಿಪ್ ಕಾವಲಿರುತ್ತದೆ. ಹಾಗಾಗಿ ಇಲ್ಲಿ ಒಂದಲ್ಲ, ಎರಡು ಹಿಡಿತ. ಸರ್ಕ್ಲಿಪ್ ನಾಲ್ಕೂ ತೆಗೆದ ಮೇಲೆ ಬೆಂಚ್ ವೈಸಿನ ಒಂದು ದವಡೆಗೆ ಕಪ್ಪಿಗಿಂತ ಚಿಕ್ಕ ಸಾಕೆಟ್ಟು, ಇನ್ನೊಂದಕ್ಕೆ ಕಪ್ಪು ಒಳಗೆ ಹಿಡಿಸುವಷ್ಟು ದೊಡ್ಡ ಸಾಕೆಟ್ಟು ಇಟ್ಟು ವೈಸ್ ತಿರುಗಿಸಿದರೆ ಒಂದು ಕಪ್ಪು ಒಳಗೆ ಸರಿದು ಎದುರಿನದು ಹೊರಬರುತ್ತದೆ. ಶಾಫ್ಟು ತಿರುಗಿಸಿ ಇನ್ನೊಂದು ಬದಿಗೂ ಅಷ್ಟೇ. ವೈಸ್ ಇಲ್ಲದ ಕಡೆ ಸುತ್ತಿಗೆಯಿಂದಲೂ ಆಗುತ್ತದೆ. ಏಟು ಕವಲಿನ ಬುಡಕ್ಕೆ, ಕಪ್ಪಿನ ಪಕ್ಕದಲ್ಲಿ ಬೀಳಬೇಕು. ಶಾಫ್ಟಿನ ಕೊಳವೆಯ ಮೇಲೆ ಬೀಳಬಾರದು. ತೆಳು ಕೊಳವೆ ನೆಗ್ಗಿದರೆ ಬ್ಯಾಲೆನ್ಸ್ ಹೋಯಿತು, ಆ ಶಾಫ್ಟು ಗುಜರಿಗೆ.

ಜೋಡಿಸುವಾಗಿನ ತೊಂದರೆಯೂ ಬಿಚ್ಚುವಾಗಲೇ ಗೊತ್ತಿರಬೇಕು. ಹೊಸ ಕಪ್ಪಿನ ರೋಲರು ಒಂದೇ ಒಂದು ಅಡ್ಡ ಬಿದ್ದರೂ ಕಪ್ಪು ಪೂರ್ತಿ ಕೂರುವುದಿಲ್ಲ, ಸರ್ಕ್ಲಿಪ್ಪಿನ ಕಾಲುವೆ ಕಾಣುವುದಿಲ್ಲ. ಬಲವಂತ ಮಾಡಿದರೆ ರೋಲರು ಪುಡಿ. ಗ್ರೀಸಿನಲ್ಲಿ ರೋಲರುಗಳನ್ನು ನಿಲ್ಲಿಸಿ, ಕ್ರಾಸಿನ ತೋಳನ್ನು ಕಪ್ಪಿನೊಳಗೆ ಇಟ್ಟುಕೊಂಡೇ ಒತ್ತಬೇಕು. ಕೊನೆಗೆ ಕೀಲು ಬಿಗಿಯೆನಿಸಿದರೆ ಕವಲಿಗೆ ಮೆಲ್ಲಗೆ ಎರಡು ಏಟು ಕೊಟ್ಟರೆ ಕಪ್ಪುಗಳು ಹೊರಗಿನ ಸರ್ಕ್ಲಿಪ್ಪಿಗೆ ಆತು ಸಡಿಲವಾಗುತ್ತವೆ.

ಎರಡನೆಯ ಪ್ರಶ್ನೆ ಬರುವುದು ಇಲ್ಲೇ. ಪ್ರೊಪೆಲ್ಲರ್ ಶಾಫ್ಟು ಯಾವುದನ್ನು ಹಿಡಿದಿದೆ? ಗಾಡಿಯನ್ನೇ. ಗೇರಿನಲ್ಲಿ ನಿಲ್ಲಿಸಿದ ಗಾಡಿ ಉರುಳದಿರುವುದು ಎಂಜಿನ್ನಿಗೂ ಚಕ್ರಕ್ಕೂ ನಡುವೆ ಈ ಶಾಫ್ಟು ಇರುವುದರಿಂದ. ಅದನ್ನು ಕಳಚಿದ ಗಳಿಗೆಯಲ್ಲಿ ಗೇರು ಇದ್ದೂ ಇಲ್ಲದ ಹಾಗೆ. ವಿಲ್ಲೀಸ್ ವಿನ್ಯಾಸದ ಹಳೆಯ ಜೀಪುಗಳಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವುಗಳ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟು ಸೇರುವ ಜಾಗದಲ್ಲೇ ಇದೆ. ಶಾಫ್ಟು ಬಿಚ್ಚಿದರೆ ಹ್ಯಾಂಡ್ ಬ್ರೇಕೂ ಹೋಯಿತು. ಕೊಡಗು, ಚಿಕ್ಕಮಗಳೂರಿನ ತೋಟದ ಇಳಿಜಾರಿನಲ್ಲಿ ಇಂಥ ಜೀಪಿನಡಿ ಮಲಗುವವರು ನಾಲ್ಕು ಚಕ್ರಕ್ಕೂ ಕಲ್ಲು ಕೊಡದೆ ಸ್ಪ್ಯಾನರ್ ಹಿಡಿಯಬಾರದು. ಟ್ರ್ಯಾಕ್ಟರಿನ ಪಿಟಿಓ ಶಾಫ್ಟಿಗೆ ನಿಯಮ ಇನ್ನೂ ಸರಳ: ಎಂಜಿನ್ ಆಫ್, ಕೀಲಿಕೈ ಜೇಬಿನಲ್ಲಿ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟಿಗೆ ಪಂಚೆಯ ಅಂಚು ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಕ್ರಾಸು ಬದಲಿಸಿದ ಮೇಲೆ ಪ್ಲಾಸ್ಟಿಕ್ ಕವಚವನ್ನು ಮರಳಿ ಹಾಕದೆ ಬಿಡುವ ಅಭ್ಯಾಸ ಅದಕ್ಕೇ ಅಪಾಯಕಾರಿ.

ಮುಂಚಕ್ರದ ಡ್ರೈವ್ ಶಾಫ್ಟು

1983ರ ಕೊನೆಯಲ್ಲಿ ಮಾರುತಿ 800 ರಸ್ತೆಗಿಳಿದಾಗ ನಮ್ಮ ಗ್ಯಾರೇಜುಗಳು ಹೊಸ ಪಾಠ ಕಲಿಯಬೇಕಾಯಿತು. ಗಾಡಿ ಓಡಿಸುವ ಮುಂಚಕ್ರವೇ ಸ್ಟೀರಿಂಗಿಗೆ ತಿರುಗುವ ಚಕ್ರವೂ ಆದಾಗ ಕ್ರಾಸು ಸಾಲದು. ಫೋರ್ಡ್ ಕಂಪನಿಯಲ್ಲಿದ್ದ ಆಲ್ಫ್ರೆಡ್ ರ್‍ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ, ಆರು ಗುಂಡುಗಳ ಕೀಲು ಹೊರತುದಿಗೆ ಬಂತು. ಯಾವ ಕೋನದಲ್ಲೂ ಅದರ ವೇಗ ಏರಿಳಿಯುವುದಿಲ್ಲ. ಗೇರ್‌ಬಾಕ್ಸಿನ ಬದಿಗೆ ಸಾಮಾನ್ಯವಾಗಿ ಮೂರು ರೋಲರಿನ ಟ್ರೈಪಾಡ್ ಕೀಲು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು ಬಂದರೆ ಹೊರಗಿನದರ ಆಯಸ್ಸು ಮುಗಿಯಿತೆಂದು ಅರ್ಥ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗಿದರೆ ಒಳಗಿನದನ್ನು ಶಂಕಿಸಬೇಕು.

ಈ ಶಾಫ್ಟಿನ ಮೊದಲ ಹಿಡಿತ ಹಬ್ಬಿನ ನಟ್ಟು. ಚಿಕ್ಕ ಕಾರುಗಳಲ್ಲಿ ಅದರ ಬಿಗಿ ಸಾಮಾನ್ಯವಾಗಿ 150ರಿಂದ 250 ನ್ಯೂಟನ್ ಮೀಟರ್. ಅರ್ಧ ಮೀಟರ್ ಹಿಡಿಕೆಗೆ 40 ಕಿಲೋ ಭಾರ ಹಾಕಿದರೆ ಸಿಗುವುದು ಸುಮಾರು 196. ಅದೇ ಭಾರಕ್ಕೆ ಒಂದು ಮೀಟರ್ ಪೈಪು ತೊಡಿಸಿದರೆ 392. ಗ್ಯಾರೇಜುಗಳಲ್ಲಿ ಪೈಪಿಗಿರುವ ಗೌರವಕ್ಕೆ ಇದೇ ಕಾರಣ. ಆದರೆ ಈ ಬಲವನ್ನು ಜಾಕಿಯ ಮೇಲೆ ನಿಂತ ಗಾಡಿಗೆ ಹಾಕಿದರೆ ಗಾಡಿ ಜಾಕಿಯಿಂದ ಜಾರುತ್ತದೆ. ಚಕ್ರ ನೆಲದ ಮೇಲಿರುವಾಗಲೇ, ನಡುವಿನ ಅಲಂಕಾರದ ಮುಚ್ಚಳ ತೆಗೆದು, ಬಗ್ಗಿಸಿದ ಲಾಕನ್ನು ಉಳಿಯಿಂದ ಬಿಡಿಸಿ, ನಟ್ಟನ್ನು ಸಡಿಲ ಮಾಡಿಕೊಳ್ಳಬೇಕು. ಗಾಡಿ ಎತ್ತುವುದು ಆಮೇಲೆ, ನಿಲ್ಲಿಸುವುದು ಸ್ಟ್ಯಾಂಡಿನ ಮೇಲೆ. ಕೆಲವು ಗಾಡಿಗಳಲ್ಲಿ ಒಂದು ಬದಿಯ ನಟ್ಟಿಗೆ ಎಡಗೈ ಥ್ರೆಡ್ ಇರುವುದೂ ಉಂಟು. ಪೈಪಿಗೆ ಭಾರ ಹಾಕುವ ಮುನ್ನ ಅದನ್ನು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿ ಮಾಡುತ್ತೀರಿ.

ಬಾಲ್ ಜಾಯಿಂಟ್ ಬಿಡಿಸಿ ಹಬ್ಬನ್ನು ಹೊರಕ್ಕೆ ವಾಲಿಸಿದರೆ ಶಾಫ್ಟಿನ ಹೊರತುದಿ ಸ್ಪ್ಲೈನಿನಿಂದ ಜಾರಬೇಕು. ಜಾರದಿದ್ದರೆ ನಟ್ಟನ್ನು ಶಾಫ್ಟಿನ ತುದಿಗೆ ಸಮವಾಗಿ ಏರಿಸಿಟ್ಟು, ಹಿತ್ತಾಳೆ ಸರಳಿನ ಮೂಲಕ ಏಟು ಕೊಡಬೇಕು. ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು. ಒಳತುದಿಯದು ಬೇರೆ ಹಿಡಿತ: ಗೇರ್‌ಬಾಕ್ಸಿನೊಳಗೆ ಚಿಕ್ಕದೊಂದು ಸ್ಪ್ರಿಂಗ್ ರಿಂಗು. ಕೀಲಿನ ಕೋಶಕ್ಕೂ ಗೇರ್‌ಬಾಕ್ಸಿಗೂ ನಡುವೆ ಸಬ್ಬಲಿನಂಥ ಪಟ್ಟಿ ತೂರಿಸಿ ಒಂದು ಚುರುಕಾದ ಮೀಟು ಕೊಟ್ಟರೆ ಅದು ಮಡಚಿಕೊಂಡು ಬಿಡುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಶಾಫ್ಟಿನ ಸರಳು ಹಿಡಿದು ಎಳೆಯುವುದು. ರಿಂಗು ಬಿಡುವುದಿಲ್ಲ; ಟ್ರೈಪಾಡ್ ಕೀಲು ತನ್ನ ಕೋಶದಿಂದ ಕಳಚಿಕೊಂಡು ರಬ್ಬರ್ ಬೂಟಿನೊಳಗೇ ಬಿಡಿಬಿಡಿಯಾಗುತ್ತದೆ.

ಈ ಶಾಫ್ಟು ಹಿಡಿದಿರುವುದೇನು? ಒಂದು, ಗೇರ್ ಆಯಿಲ್. ಶಾಫ್ಟು ಹೊರಬಂದೊಡನೆ ಸೀಲಿನ ಬಾಯಿಂದ ಆಯಿಲ್ ಸುರಿಯುತ್ತದೆ. ಮೊದಲೇ ಇಳಿಸಿಕೊಂಡಿರಬೇಕು, ಕೆಳಗೆ ತಟ್ಟೆ ಇರಬೇಕು, ಮರಳಿ ಕೂರಿಸುವಾಗ ಸ್ಪ್ಲೈನಿನ ಹಲ್ಲು ಸೀಲಿನ ತುಟಿಗೆ ತಾಗಬಾರದು. ಎರಡು, ಹಬ್ಬಿನ ಬೇರಿಂಗು. ಹಲವು ಕಾರುಗಳಲ್ಲಿ ಶಾಫ್ಟು ಮತ್ತು ಅದರ ನಟ್ಟೇ ಬೇರಿಂಗನ್ನು ಎರಡು ಬದಿಯಿಂದ ಒತ್ತಿ ಹಿಡಿದಿರುತ್ತವೆ. ಶಾಫ್ಟು ಗ್ಯಾರೇಜಿಗೆ ಹೋಗಿದೆಯೆಂದು ಗಾಡಿಯನ್ನು ಚಕ್ರದ ಮೇಲೆ ಇಳಿಸಿ ತಳ್ಳಿದರೆ ಚೆನ್ನಾಗಿದ್ದ ಬೇರಿಂಗೂ ಹಾಳಾಗುತ್ತದೆ. ಲಾರಿಗಳ ಹಿಂದಿನ ಆಕ್ಸಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ಭಾರ ಹೊರುವುದು ಆಕ್ಸಲ್ ಕೇಸು. ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಫ್ಲ್ಯಾಂಜಿನ ಬೋಲ್ಟು ಬಿಚ್ಚಿದರೆ ಚಕ್ರ ನೆಲದ ಮೇಲಿರುವಾಗಲೇ ಶಾಫ್ಟನ್ನು ಎಳೆದುಕೊಳ್ಳಬಹುದು.

ಕ್ಯಾಪಿನ ಹಿಂದೆ ಏನಿದೆ

ಕ್ಯಾಪುಗಳಲ್ಲಿ ನಿರುಪದ್ರವಿ ಎಂದರೆ ಚಕ್ರದ ನಡುವಿನ ಗ್ರೀಸ್ ಕ್ಯಾಪು. ತೆಳು ತಗಡು, ಬಿಗಿ ಕೂರಿಕೆ. ಒಂದೇ ಕಡೆ ಮೀಟಿದರೆ ಅಂಚು ಸೊಟ್ಟಗಾಗಿ ಮಳೆನೀರು ಒಳಗಿಳಿಯುತ್ತದೆ. ಸುತ್ತಲೂ ಸ್ವಲ್ಪಸ್ವಲ್ಪವೇ ಉಳಿಯಿಂದ ತಟ್ಟುತ್ತ ಬಂದರೆ ತಾನೇ ಸಡಿಲುತ್ತದೆ. ಒಳಗಿನ ಸ್ಪ್ಲಿಟ್ ಪಿನ್ನನ್ನು ಮರಳಿ ಬಳಸಬಾರದು. ಅದರ ಬೆಲೆ ಚಹಾಕ್ಕಿಂತ ಕಡಿಮೆ, ಅದು ತಡೆಯುವುದು ಚಕ್ರ ಕಳಚಿಹೋಗುವುದನ್ನು.

ಬೈಕಿನ ಮುಂದಿನ ಫೋರ್ಕಿನ ಮೇಲ್ತುದಿಯ ಕ್ಯಾಪು ನೋಡಲು ಬರೀ ದೊಡ್ಡ ಬೋಲ್ಟು. ಅದರಡಿ ಒತ್ತಿಟ್ಟ ಸ್ಪ್ರಿಂಗಿದೆ. ಮೊದಲು ಮೇಲಿನ ಕ್ಲ್ಯಾಂಪಿನ ಬೋಲ್ಟು ಸಡಿಲಿಸಬೇಕು, ಇಲ್ಲದಿದ್ದರೆ ಅದು ಕೊಳವೆಯನ್ನು ಹಿಸುಕಿ ಕ್ಯಾಪಿನ ಥ್ರೆಡ್ಡನ್ನೇ ಕಚ್ಚಿ ಹಿಡಿದಿರುತ್ತದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಸ್ಪ್ರಿಂಗಿನ ಒತ್ತಡ ತಗ್ಗಿಸಬೇಕು. ಕೊನೆಯ ಸುತ್ತುಗಳಲ್ಲಿ ಅಂಗೈಯಿಂದ ಕ್ಯಾಪನ್ನು ಕೆಳಕ್ಕೆ ಒತ್ತಿ ಹಿಡಿದು ತಿರುಗಿಸಬೇಕು, ಮುಖ ಅದರ ಮೇಲಿರಬಾರದು.

ಕ್ಯಾಮ್ ಶಾಫ್ಟಿನ ಬೇರಿಂಗ್ ಕ್ಯಾಪುಗಳದು ಸೂಕ್ಷ್ಮ ಲೆಕ್ಕ. ಕೆಲವು ವಾಲ್ವ್ ಸ್ಪ್ರಿಂಗುಗಳು ಶಾಫ್ಟನ್ನು ಕೆಳಗಿನಿಂದ ಸದಾ ನೂಕುತ್ತಿರುತ್ತವೆ. ಒಂದು ತುದಿಯ ಕ್ಯಾಪನ್ನು ಪೂರ್ತಿ ಬಿಚ್ಚಿ ಇನ್ನೊಂದು ತುದಿ ಬಿಗಿಯಾಗಿಯೇ ಇದ್ದರೆ ಗಡುಸು ಶಾಫ್ಟು ಬಾಗಲಾರದೆ ಮುರಿಯಬಹುದು. ಸರ್ವಿಸ್ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ ಎಲ್ಲ ಬೋಲ್ಟುಗಳನ್ನೂ ಅರ್ಧರ್ಧ ಸುತ್ತು ಬಿಚ್ಚುತ್ತ ಬರಬೇಕು. ಈ ಕ್ಯಾಪುಗಳನ್ನು ಹೆಡ್ಡಿಗೆ ಜೋಡಿಸಿಟ್ಟೇ ರಂಧ್ರ ಕೊರೆದಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಮೇಲೆ ಕೊರೆದ ಅಂಕಿ ಮತ್ತು ಬಾಣದ ಗುರುತು ಅದಕ್ಕೇ.

ಸೆಲ್ಫ್ ಮೋಟಾರಿನ ಎಂಡ್ ಕವರ್ ತೆಗೆಯುವವರು ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು. ಸೆಲ್ಫಿಗೆ ಬರುವ ದಪ್ಪ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಸ್ಪ್ಯಾನರ್ ತಾಗಿದರೆ ಬೆಂಕಿಯೇ. ಕವರಿನ ತುದಿಯ ಪುಟ್ಟ ಕ್ಯಾಪಿನಡಿ ಕ್ಲಿಪ್ಪೂ ತೆಳು ವಾಷರುಗಳೂ ಇರುತ್ತವೆ. ಬಂದ ಸಾಲಿನಲ್ಲೇ ಜೋಡಿಸಿಡದಿದ್ದರೆ ಆರ್ಮೆಚರ್ ಹಿಂದುಮುಂದು ಆಡುತ್ತದೆ.

ತುಕ್ಕು, ಎಣ್ಣೆ, ಬೆಂಕಿ

ಮಂಗಳೂರು ಕಾರವಾರದ ಉಪ್ಪುಗಾಳಿಯಲ್ಲೂ ಮಲೆನಾಡಿನ ಮಳೆಯಲ್ಲೂ ಓಡಿದ ಗಾಡಿಗಳಲ್ಲಿ ಹೆಚ್ಚಿನ ಜಗಳ ತುಕ್ಕಿನ ಜೊತೆಗೇ. ಬೈಕಿನ ಸ್ವಿಂಗ್ ಆರ್ಮ್ ಶಾಫ್ಟು ವರ್ಷಗಟ್ಟಲೆ ಗ್ರೀಸು ಕಾಣದೆ ಬುಶ್ಶಿನೊಂದಿಗೆ ಒಂದಾಗಿರುತ್ತದೆ. ಉಕ್ಕಿನ ಶಾಫ್ಟು ಅಲ್ಯೂಮಿನಿಯಂ ರಂಧ್ರದಲ್ಲಿದ್ದರಂತೂ ನೀರು ಸೇರಿದಾಗ ಎರಡು ಲೋಹಗಳ ನಡುವಿನ ವಿದ್ಯುತ್ ರಸಾಯನ ಕ್ರಿಯೆಯಿಂದ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಉಬ್ಬಿ ಕಚ್ಚುತ್ತದೆ.

ಎಣ್ಣೆ ಬಿಟ್ಟು ಕಾಯಬೇಕೋ ಬೆಂಕಿ ಕೊಡಬೇಕೋ ಎಂಬುದರಲ್ಲಿ ಎರಡು ಪಂಗಡ. ಬೆಂಕಿಯ ಪಕ್ಷದವರ ವಾದಕ್ಕೆ ಭೌತಶಾಸ್ತ್ರದ ಬೆಂಬಲವಿದೆ. 50 ಮಿ.ಮೀ. ರಂಧ್ರ 100 ಡಿಗ್ರಿ ಹೆಚ್ಚು ಬಿಸಿಯಾದರೆ ಅಲ್ಯೂಮಿನಿಯಂನಲ್ಲಿ ಸುಮಾರು 0.11 ಮಿ.ಮೀ. ಅಗಲವಾಗುತ್ತದೆ, ಉಕ್ಕಿನಲ್ಲಿ 0.06. ಬಿಗಿ ಕೂರಿಕೆ ಬಿಡಿಸಲು ಅಷ್ಟು ಸಾಕು. ಆದರೆ ಬಿಸಿ ಮಾಡಬೇಕಾದದ್ದು ಹೊರಗಿನ ಭಾಗವನ್ನು, ಅದೂ ಹಾಟ್ ಏರ್ ಗನ್ ಮುಟ್ಟಿಸುವಷ್ಟು. ಗ್ಯಾಸ್ ಕಟ್ಟರಿನ ಜ್ವಾಲೆ ಗಡಸುಗೊಳಿಸಿದ ಶಾಫ್ಟನ್ನು ಮೆತ್ತಗಾಗಿಸುತ್ತದೆ, ಸೀಲನ್ನು ಸುಡುತ್ತದೆ. ಕೆಲವು ಸೀಲುಗಳ ಫ್ಲೋರಿನ್ ಸೇರಿದ ರಬ್ಬರು ಅತಿಯಾಗಿ ಸುಟ್ಟರೆ ಚರ್ಮಕ್ಕೂ ಶ್ವಾಸಕ್ಕೂ ಅಪಾಯಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆಯೇ ಹೊತ್ತಿಕೊಳ್ಳುವಂಥದ್ದು, ಪೆಟ್ರೋಲ್ ಟ್ಯಾಂಕೂ ದೂರವಿಲ್ಲ. ಮನೆಯಲ್ಲಿ ಕೆಲಸ ಮಾಡುವವರಿಗೆ ರಾತ್ರಿ ಎಣ್ಣೆ ಬಿಟ್ಟು ಬೆಳಿಗ್ಗೆ ನೋಡುವುದೇ ಲೇಸು. ಗ್ಯಾರೇಜಿನವರಿಗೆ ಇಲ್ಲದ, ಮನೆಯವರಿಗೆ ಇರುವ ಒಂದೇ ಉಪಕರಣ ಬಿಡುವು.

ಎಲ್ಲಿ ನಿಲ್ಲಬೇಕು

ಉಪಕರಣದ ವಿಷಯದಲ್ಲಿ ತತ್ವವೊಂದಿದೆ: ಏಟು ಬೀಳುವುದಾದರೆ ಎಸೆಯುವ ಭಾಗದ ಮೇಲೆ ಬೀಳಲಿ, ಉಳಿಯುವ ಭಾಗದ ಮೇಲಲ್ಲ. ಕಪ್ಪು ಬರದೇ ಹೋದರೆ ಗ್ರೈಂಡರಿನಿಂದ ಹಳೆಯ ಕ್ರಾಸಿನ ತೋಳು ಕತ್ತರಿಸಿ ಕಪ್ಪನ್ನು ಒಳಕ್ಕೆ ಬಡಿಯಬಹುದು. ಕವಲಿಗೆ ಗೀರೂ ಬೀಳದು. ಬಾಲ್ ಜಾಯಿಂಟ್ ಬಿಡಿಸುವ ಕವಲುಗೋಲು ರಬ್ಬರ್ ಬೂಟನ್ನು ಹರಿಯುತ್ತದಾದ್ದರಿಂದ ಅದು ಜಾಯಿಂಟ್ ಎಸೆಯುವವರಿಗೆ ಮಾತ್ರ ಸರಿ, ಮರಳಿ ಬಳಸುವವರು ಪುಲ್ಲರ್ ಹಿಡಿಯಬೇಕು.

ಕ್ರಾಸು, ಡ್ರೈವ್ ಶಾಫ್ಟು, ಗ್ರೀಸ್ ಕ್ಯಾಪು, ಫೋರ್ಕ್ ಕ್ಯಾಪು ಇವು ತಾಳ್ಮೆಯಿದ್ದವರಿಗೆ ಮನೆಯಲ್ಲೇ ಆಗುವ ಕೆಲಸ. ಕ್ಯಾಮ್ ಶಾಫ್ಟಿನ ಕ್ಯಾಪುಗಳನ್ನು ಸರ್ವಿಸ್ ಪುಸ್ತಕವೂ ಟಾರ್ಕ್ ರೆಂಚೂ ಇಲ್ಲದವರು ಮುಟ್ಟದಿರುವುದು ಒಳ್ಳೆಯದು. ಒತ್ತಿ ಕೂರಿಸಿದ ಹಬ್ ಬೇರಿಂಗು, ಗೇರ್‌ಬಾಕ್ಸಿನೊಳಗಿನ ಶಾಫ್ಟು ಇವಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಇಲ್ಲಿ ನಮ್ಮ ಊರುಗಳಲ್ಲಿ ಒಂದು ಅನುಕೂಲವಿದೆ. ತಾಲ್ಲೂಕು ಕೇಂದ್ರಗಳಲ್ಲೂ ಲೇತ್ ಅಂಗಡಿ ಸಿಗುತ್ತದೆ. ಭಾಗವನ್ನು ಮನೆಯಲ್ಲಿ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು ಹೋಗಿ, ಪ್ರೆಸ್ ಮಾತ್ರ ಅಲ್ಲಿ ಹಾಕಿಸಿ ತರಬಹುದು. ಪೂರ್ತಿ ನಾನೇ ಎನ್ನುವ ಹಟಕ್ಕೂ ಎಲ್ಲವೂ ಗ್ಯಾರೇಜಿಗೆ ಎನ್ನುವ ಅಂಜಿಕೆಗೂ ನಡುವಿನ ಈ ದಾರಿಯಲ್ಲಿ ಹಣವೂ ಉಳಿಯುತ್ತದೆ, ಭಾಗವೂ ಉಳಿಯುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದೂ ಬರುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲನ್ನು ಶುದ್ಧೀಕರಣಕ್ಕೆ ಕಳಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಬೇಕು.

ಒಳ್ಳೆಯ ಮೆಕ್ಯಾನಿಕ್ ಸುತ್ತಿಗೆಯನ್ನು ಬಳಸುವುದಿಲ್ಲ ಎಂಬ ಮಾತು ನಿಜವಲ್ಲ. ಚೆನ್ನಾಗಿಯೇ ಬಳಸುತ್ತಾನೆ. ಆದರೆ ಅವನ ಮೊದಲ ಏಟು ಬೀಳುವ ಹೊತ್ತಿಗೆ ಸರ್ಕ್ಲಿಪ್ ಹೊರಗಿರುತ್ತದೆ, ಚಕ್ರಕ್ಕೆ ಕಲ್ಲು ಕೊಟ್ಟಾಗಿರುತ್ತದೆ, ಆಯಿಲ್ ತಟ್ಟೆಯಲ್ಲಿರುತ್ತದೆ, ಗುರುತು ಹಾಕಿಯಾಗಿರುತ್ತದೆ. ಇಷ್ಟು ಆದ ಮೇಲೂ ಭಾಗ ಕದಲಲಿಲ್ಲವೆಂದರೆ ಏಟಿನ ಜೋರು ಹೆಚ್ಚಿಸಬಾರದು. ಕಣ್ತಪ್ಪಿದ ಹಿಡಿತ ಇನ್ನೊಂದು ಎಲ್ಲೋ ಇದೆ, ಟಾರ್ಚು ಹಿಡಿದು ಅದನ್ನು ಹುಡುಕಬೇಕು.